ಅಡಿಕೆಗೆ ಹವಾಮಾನ ವಿಮೆ: ಕೊಳೆರೋಗ ಬಂದರೂ ಪರಿಹಾರ ಬಾರದಿರಬಹುದೇ?

ಪ್ರಶ್ನೆ
ಹೆಕ್ಟೇರಿಗೆ 1,28,000 ರೂ. ವಿಮಾ ಮೊತ್ತ, ನಮ್ಮ ಪಾಲಿನ ಕಂತು ಶೇ. 5, ಅಂದರೆ 6,400 ರೂ. ತೋಟ ನೋಡಲು ಯಾರೂ ಬರುವುದಿಲ್ಲ, ಪರಿಹಾರ ನೇರ ಖಾತೆಗೆ ಜಮಾ ಆಗುತ್ತದೆ ಎನ್ನುತ್ತಾರೆ ಸೊಸೈಟಿಯವರು. ಇದನ್ನು ನಂಬಿ ಬೆಳೆಸಾಲ ತೀರಿಸುವ ಲೆಕ್ಕ ಹಾಕಬಹುದೇ?

ಉತ್ತರ 1
ವಿಮೆ ಮಾಡಿಸಿ, ಸಾಲದ ಲೆಕ್ಕ ಮಾತ್ರ ಅದರ ಮೇಲೆ ಹಾಕಬೇಡಿ. ಇಲ್ಲಿ ಅಳೆಯುವುದು ನಿಮ್ಮ ಫಸಲನ್ನಲ್ಲ, ಪಂಚಾಯಿತಿ ಮಳೆಮಾಪಕದ ಅಂಕಿಯನ್ನು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಷ್ಟು ಮಳೆಯಾದರೆ ಎಷ್ಟು ರೂಪಾಯಿ ಎಂಬುದು ವಿಮೆಯ ಷರತ್ತುಪಟ್ಟಿಯಾದ ಟರ್ಮ್ ಶೀಟ್‌ನಲ್ಲಿರುತ್ತದೆ. ಮಿತಿ ದಾಟಿದರೆ ಕೊಳೆಯೇ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ) ಇಲ್ಲದ ತೋಟಕ್ಕೂ ಹಣ. ದಾಟದಿದ್ದರೆ ಅರ್ಧ ಕಾಯಿ ಉದುರಿದರೂ ಇಲ್ಲ. ಬೇಸಿಸ್ ರಿಸ್ಕ್ ಅನ್ನುವುದು ಇದಕ್ಕೇ. ಮಲೆನಾಡಿನಲ್ಲಿ ಇದು ಜಾಸ್ತಿ, ಏಕೆಂದರೆ ಗುಡ್ಡದ ಆಚೆ ಹೊಡೆದ ಮಳೆ ಈಚೆ ಇರುವುದಿಲ್ಲ. ಕೊಳೆಗೋ ಒಟ್ಟು ಮಿಲಿಮೀಟರ್‌ಗಿಂತ ಬಿಡದ ಜಿಟಿಜಿಟಿ ಮುಖ್ಯ. ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಮಳೆಯ ಬಿಡುವೇ ಸಿಗದ ವಾರಗಳು ಒಟ್ಟು ಮಳೆಯ ಅಂಕಿಯಲ್ಲಿ ಕಾಣುವುದಿಲ್ಲ.

ಇನ್ನೊಂದು ಅಪಾಯ ಹಣದ್ದು. ಕಂತಿನ ಉಳಿದ ಪಾಲು ಕೇಂದ್ರ ಮತ್ತು ರಾಜ್ಯ ಸರ್ಕಾರಗಳದ್ದು. ಅದು ಕಂಪನಿಗೆ ತಡವಾಗಿ ಸೇರಿದರೆ ನಿಮ್ಮ ಪರಿಹಾರವೂ ತಡ, ಸಾಲದ ಕಂತಿನ ದಿನ ಮಾತ್ರ ಕಾಯುವುದಿಲ್ಲ.

ಉತ್ತರ 2
ಅಂಕಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾದ ಮಲಾವಿ ನೋಡಿ. 2015-16ರ ಬರಕ್ಕೆ ಆ ದೇಶದ ಸರ್ಕಾರವೇ ಇಂಥ ವಿಮೆ ಮಾಡಿಸಿತ್ತು. ಲೆಕ್ಕದ ಮಾದರಿಯಲ್ಲಿ ಇದ್ದದ್ದು ದೀರ್ಘಾವಧಿ ಮೆಕ್ಕೆಜೋಳ, ರೈತರು ಬಿತ್ತಿದ್ದು ಅಲ್ಪಾವಧಿ ತಳಿ. ಮೊದಲು ಪರಿಹಾರವೇ ಇಲ್ಲವೆಂದಾಯಿತು. ತಳಿಯ ಮಾಹಿತಿ ತಿದ್ದಿ ಮತ್ತೆ ಲೆಕ್ಕ ಮಾಡಿದ ಮೇಲೆ ಸುಮಾರು 81 ಲಕ್ಷ ಡಾಲರ್ ಬಂತು, ಅದೂ ಬಹಳ ತಡವಾಗಿ.

ಪ್ರಶ್ನೆ ಕೇಳಿದವರು
ಹಾಗಾದರೆ ನಮ್ಮ ಕೈಯಲ್ಲಿ ಮಾಡುವಂಥದ್ದು ಏನಿದೆ? ತೋಟದಲ್ಲಿ ಕಾಳುಮೆಣಸೂ ಇದೆ.

ಉತ್ತರ 3
ಅರ್ಜಿ ತಿರಸ್ಕೃತವಾಗುವುದು ಕಾಗದಪತ್ರದ ತಪ್ಪಿನಿಂದಲೂ ಹೌದು. ಅಡಿಕೆ, ಮೆಣಸಿನ ವಿಸ್ತೀರ್ಣ ಅರ್ಜಿಯಲ್ಲೂ ಸರ್ಕಾರದ ಬೆಳೆ ಸಮೀಕ್ಷೆಯಲ್ಲೂ ಒಂದೇ ಇರಬೇಕು. ಸಮೀಕ್ಷೆಯಲ್ಲಿ ತಪ್ಪಿದ್ದರೆ ಆಕ್ಷೇಪಣೆಗೆ ಕೊಟ್ಟ ಗಡುವಿನೊಳಗೇ ಸಲ್ಲಿಸಿ. ಫ್ರೂಟ್ಸ್ ಐಡಿಯಲ್ಲಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ) ಎಲ್ಲ ಸರ್ವೆ ನಂಬರ್ ಸೇರಿವೆಯೇ, ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ. ರಾಜ್ಯದ ಬೆಳೆವಿಮೆ ಜಾಲತಾಣವಾದ ಸಂರಕ್ಷಣೆ ಪೋರ್ಟಲ್‌ನಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಅದು ಎಲ್ಲಿ ನಿಂತಿದೆ ಎಂದು ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಮಾಪಕದ ದಿನದ ಅಂಕಿ ಬರೆದಿಟ್ಟುಕೊಳ್ಳಿ. ಜೋರು ಮಳೆಯ ದಿನ ಸೊನ್ನೆ ತೋರಿಸಿದರೆ ಅಂದೇ ಪಂಚಾಯಿತಿಗೂ ತೋಟಗಾರಿಕೆ ಇಲಾಖೆಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಾಪಕ ಕೆಟ್ಟಾಗ ಪಕ್ಕದ ಕೇಂದ್ರದ ಅಂಕಿ ಹಿಡಿಯುತ್ತಾರೆ. ವರ್ಷ ಕಳೆದ ಮೇಲೆ ವಾದಿಸಲು ಆಧಾರ ಉಳಿಯುವುದಿಲ್ಲ.

ಬೇಡವೆಂದಾದರೆ, 2020ರ ಮುಂಗಾರಿನಿಂದ ಸಾಲಗಾರರಿಗೂ ಇದು ಕಡ್ಡಾಯವಲ್ಲ. ನೋಂದಣಿಯ ಕೊನೆಯ ದಿನಕ್ಕೆ 7 ದಿನ ಮೊದಲು ಬ್ಯಾಂಕಿಗೆ ಬರೆದುಕೊಡಬೇಕು, ಇಲ್ಲದಿದ್ದರೆ ಕಂತು ಕಡಿತವಾಗುತ್ತದೆ.