ಹೆರಿಗೆಯಾದ ಮೇಲೆ ಮೊದಲ ಸಲ ಏಳುವಾಗ ಬಾಣಂತಿ ಬೀಳದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಶುಶ್ರೂಷಾಧಿಕಾರಿ, ತಾಲ್ಲೂಕು ಆಸ್ಪತ್ರೆ

ನಾನು ಎಂಟು ವರ್ಷಗಳಿಂದ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ರಾತ್ರಿ ಪಾಳಿಯಲ್ಲಿ, ಸಹಜ ಹೆರಿಗೆಯಾಗಿ ಮೂರು ಗಂಟೆ ಕಳೆದಿದ್ದ ಚಿಕ್ಕ ವಯಸ್ಸಿನ ಬಾಣಂತಿಯೊಬ್ಬರು ಒಬ್ಬರೇ ಶೌಚಾಲಯಕ್ಕೆ ಹೋಗಿ, ಕುಕ್ಕರುಗಾಲಿನಿಂದ ಏಳುವಾಗ ಕಣ್ಣು ಕತ್ತಲೆ ಬಂದು ಬಿದ್ದರು. ಒಳಗಿನಿಂದ ಚಿಲಕ ಹಾಕಿಕೊಂಡಿದ್ದರಿಂದ ಬಾಗಿಲು ತೆರೆಯುವಷ್ಟರಲ್ಲಿ ಕೆಲವು ನಿಮಿಷಗಳೇ ಹೋದವು. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಅವರ ತಾಯಿ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದರು. ಎರಡು ರಾತ್ರಿ ನಿದ್ದೆಗೆಟ್ಟ ಅಮ್ಮನನ್ನು ಎಬ್ಬಿಸಲು ಮಗಳಿಗೆ ಮನಸ್ಸಾಗಲಿಲ್ಲ.

ದಾಖಲಿಸಿಕೊಳ್ಳುವಾಗ ನಾವು, ರೋಗಿ ಬೀಳುವ ಅಪಾಯ ಎಷ್ಟೆಂದು ಅಂದಾಜಿಸುವ ಮೋರ್ಸ್ ಮಾಪನದಲ್ಲಿ ಅಂಕ ಹಾಕಿದ್ದೆವು. ಹಿಂದೆ ಬಿದ್ದಿದ್ದಾರೆಯೇ, ಊರುಗೋಲು ಬಳಸುತ್ತಾರೆಯೇ, ನಡಿಗೆ ಹೇಗಿದೆ ಎಂದು ಕೇಳುವ ಆ ಪಟ್ಟಿಯಲ್ಲಿ ಅವರಿಗೆ ಡ್ರಿಪ್ಪಿನ ಸಲುವಾಗಿ 20 ಅಂಕ ಬಿಟ್ಟರೆ ಬೇರೇನೂ ಬರಲಿಲ್ಲ, ಅಂದರೆ ಅಪಾಯ ಕಡಿಮೆ ಎಂದಾಯಿತು. ನಿಮ್ಮ ವಾರ್ಡುಗಳಲ್ಲಿ ಏನು ಮಾಡುತ್ತೀರಿ?

ಉತ್ತರ 1: ನಿವೃತ್ತ ಹೆರಿಗೆ ವಾರ್ಡ್ ಮೇಲ್ವಿಚಾರಕಿ

ಸಿಸ್ಟರ್, ಆ ಮಾಪನ ಗರ್ಭಿಣಿ, ಬಾಣಂತಿಯರನ್ನು ಗಮನದಲ್ಲಿಟ್ಟುಕೊಂಡು ರಚನೆಯಾದದ್ದಲ್ಲ. ಹೆರಿಗೆಗೆ ಬಂದವರ ಅಪಾಯ ಗಂಟೆ ಗಂಟೆಗೂ ಬದಲಾಗುತ್ತದೆ. ಬೆಳಿಗ್ಗೆ ತಾವಾಗಿಯೇ ನಡೆದು ಬಂದವರು ಸಂಜೆಯ ಹೊತ್ತಿಗೆ ರಕ್ತ ಕಳೆದುಕೊಂಡು, ಹೊಟ್ಟೆಗೆ ಏನೂ ಇಲ್ಲದೆ, ನಿದ್ದೆಯಿಲ್ಲದೆ ಬಸವಳಿದಿರುತ್ತಾರೆ. ಮೊದಲೇ ರಕ್ತಹೀನತೆ ಇದ್ದವರಿಗೆ 500 ಮಿಲಿಲೀಟರಿಗಿಂತ ಕಡಿಮೆ ರಕ್ತ ಹೋದರೂ ತಲೆ ಸುತ್ತು ಬರಬಹುದು. ಹಾಗಾಗಿ ಹೆರಿಗೆಯ ನಂತರ ಇನ್ನೊಮ್ಮೆ ಅಂದಾಜು ಮಾಡಲೇಬೇಕು. ಹಿಮೋಗ್ಲೋಬಿನ್ ಎಷ್ಟಿತ್ತು, ರಕ್ತ ಎಷ್ಟು ಹೋಯಿತು, ಬಿಪಿ ಏರಿದವರಿಗೆ ಫಿಟ್ಸ್ ಬಾರದಂತೆ ಕೊಡುವ ಮೆಗ್ನೀಸಿಯಮ್ ಸಲ್ಫೇಟ್ ಕೊಟ್ಟಿದ್ದೀರಾ ಎಂಬುದನ್ನು ಪಾಳಿ ಬದಲಾಗುವಾಗ ಬಾಯಿಬಿಟ್ಟು ಹೇಳಬೇಕು.

ಮಲಗಿದ್ದಾಗ ಬಿಪಿ ಸರಿಯಿದೆ ಎಂದು ನಂಬಬೇಡಿ. ಎಳೆಯ ವಯಸ್ಸಿನವರಲ್ಲಿ ನಾಡಿ ಮೊದಲು ಏರುತ್ತದೆ, ಬಿಪಿ ಇಳಿಯುವುದು ತಡವಾಗಿ. ಮೊದಲು ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಐದು ನಿಮಿಷ ಕೂರಿಸಿ, ಮುಖ ನೋಡಿ, ಮಾತನಾಡಿಸಿ. ತುಟಿ ಬಿಳಿಚಿಕೊಂಡರೆ, ಹಣೆಯಲ್ಲಿ ಬೆವರಿನ ಹನಿ ಕಂಡರೆ, ಕೇಳಿದ್ದಕ್ಕೆ ಉತ್ತರ ನಿಧಾನವಾದರೆ ಮತ್ತೆ ಮಲಗಿಸಿ, ಗರ್ಭಕೋಶ ಗಟ್ಟಿಯಾಗಿದೆಯೇ, ಸ್ರಾವ ಹೆಚ್ಚಿದೆಯೇ ನೋಡಿ. ಆಗ ಎಬ್ಬಿಸುವ ಬದಲು ಬೆಡ್‌ಪ್ಯಾನ್ ಕೊಡುವುದರಲ್ಲಿ ಯಾವ ಸಂಕೋಚವೂ ಬೇಡ.

ಹೆರಿಗೆಗೆ ಮುಂಚಿನ ಒಂದು ಮಾತನ್ನೂ ಸೇರಿಸುತ್ತೇನೆ. ನೋವು ತಿನ್ನುತ್ತಿರುವವರು ಇದ್ದಕ್ಕಿದ್ದಂತೆ ಮಲಕ್ಕೆ ಹೋಗಬೇಕೆಂದರೆ, ಮಗುವಿನ ತಲೆ ಕೆಳಗಿಳಿದು ಒತ್ತುತ್ತಿರುವುದರಿಂದಲೂ ಹಾಗೆನಿಸುತ್ತಿರಬಹುದು. ಪರೀಕ್ಷಿಸದೆ ಕಳುಹಿಸಬಾರದು. ನೀರೊಡೆದು ಒದ್ದೆಯಾದ ನೆಲವನ್ನು ಆಯಾ ಬರುವವರೆಗೆ ಹಾಗೆಯೇ ಬಿಡಬಾರದು. ಕೈಗೆ ಸಿಕ್ಕ ಬಟ್ಟೆಯನ್ನಾದರೂ ಹಾಸಿಬಿಡಿ.

ಉತ್ತರ 2: ಅರಿವಳಿಕೆ ತಜ್ಞ

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡಿದವರ ವಿಷಯದಲ್ಲಿ, ಕಾಲ್ಬೆರಳು ಅಲುಗಾಡಿದರೆ ಸಾಕೆಂದು ಎಬ್ಬಿಸುವುದು ತಪ್ಪು. ಎರಡೂ ಕಾಲುಗಳನ್ನು ಒಂದೊಂದಾಗಿ ನೇರವಾಗಿ ಎತ್ತಿ ಹಿಡಿಯಲು, ಮಂಡಿ ಮಡಚಿ ನಿಮ್ಮ ಅಂಗೈಯನ್ನು ಪಾದದಿಂದ ತಳ್ಳಲು ಅವರಿಗೆ ಆಗಬೇಕು. ಬಲ ಬಂದ ಮೇಲೂ ನಿಂತಾಗ ಬಿಪಿ ಇಳಿಯಬಹುದು. ಆದ್ದರಿಂದ ಮೊದಲ ಸಲ ಇಬ್ಬರು ಜೊತೆಗಿರಲಿ. ಹಾಗೆಂದು ಭಯದಿಂದ ಮಲಗಿಸಿಯೇ ಇಡುವುದೂ ಸರಿಯಲ್ಲ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬಾಣಂತಿಯರಿಗೆ ಹೆಚ್ಚು.

ಉತ್ತರ 3: ಇಬ್ಬರು ಮಕ್ಕಳ ತಾಯಿ

ನನ್ನ ಮೊದಲ ಹೆರಿಗೆಯಲ್ಲಿ ‘ಒಬ್ಬಳೇ ಏಳಬೇಡ’ ಎಂದು ಹೇಳಿದ್ದರು, ಆದರೆ ಯಾಕೆಂದು ಹೇಳಿರಲಿಲ್ಲ. ಮೂತ್ರಕ್ಕೆ ಹೋಗಲು ಪದೇ ಪದೇ ಸಿಸ್ಟರನ್ನು ಕರೆಯುವುದಕ್ಕೆ ನಾಚಿಕೆಯಾಗಿ ಗೋಡೆ ಹಿಡಿದುಕೊಂಡು ಹೋಗಿದ್ದೆ. ಎರಡನೆಯ ಸಲ ಇದ್ದ ಸಿಸ್ಟರ್ ನಾನು ಕೇಳುವ ಮೊದಲೇ ಎರಡು ಗಂಟೆಗೊಮ್ಮೆ ಬಂದು ‘ಬಾತ್‌ರೂಮಿಗೆ ಹೋಗೋಣವೇನಮ್ಮಾ?’ ಎಂದು ತಾವೇ ಕೇಳುತ್ತಿದ್ದರು. ಆಮೇಲೆ ನನಗೆ ಒಬ್ಬಳೇ ಏಳುವ ಅಗತ್ಯವೇ ಬರಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ರಾತ್ರಿ ಪಾಳಿಯಲ್ಲಿ ಇಪ್ಪತ್ತು ಹಾಸಿಗೆಗಳಿಗೆ ನಾವಿಬ್ಬರೇ ಇರುವುದರಿಂದ ಎಲ್ಲರನ್ನೂ ಎರಡು ಗಂಟೆಗೊಮ್ಮೆ ಕೇಳುವುದು ಕಷ್ಟ. ಆದರೆ ಹೆರಿಗೆಯಾಗಿ ಇನ್ನೂ ಒಮ್ಮೆಯೂ ಏಳದವರನ್ನಾದರೂ ಕೇಳಬಹುದು. ಅಂಥವರ ಮಂಚಕ್ಕೆ ಹಳದಿ ಪಟ್ಟಿ ಕಟ್ಟಿ, ಜೊತೆಗಿರುವ ಅಮ್ಮನಿಗೋ ಅತ್ತೆಗೋ ಅದರ ಅರ್ಥ ತಿಳಿಸುವುದನ್ನು ನಾಳೆಯಿಂದ ಆರಂಭಿಸುತ್ತೇವೆ. ಶೌಚಾಲಯದ ಒಳಚಿಲಕವನ್ನು ಹೊರಗಿನಿಂದಲೂ ತೆರೆಯಲು ಬರುವಂತೆ ಬದಲಿಸಿ, ಗೋಡೆಗೆ ಹಿಡಿಕೆ ಹಾಕಿಸಿಕೊಡಬೇಕೆಂದು ವೈದ್ಯಾಧಿಕಾರಿಗಳಿಗೆ ಇವತ್ತೇ ಪತ್ರ ಬರೆದಿದ್ದೇನೆ.