ಎಫ್-14ರಲ್ಲಿ ಆರು ಫೀನಿಕ್ಸ್‌ಗೆ ಜಾಗವಿದ್ದರೂ ನಾಲ್ಕೇ ಯಾಕೆ?

ಕಡಲಹದ್ದು:
1980ರ ದಶಕದಲ್ಲಿ ಸೋವಿಯತ್ ಬ್ಯಾಕ್‌ಫೈರ್ ಬಾಂಬರ್‌ಗಳಿಂದ ಅಮೆರಿಕದ ವಿಮಾನವಾಹಕ ನೌಕೆಗಳನ್ನು ಕಾಯುತ್ತಿದ್ದದ್ದು ಎಫ್-14 ಟಾಮ್‌ಕ್ಯಾಟ್. ಒಂದು ವಿಮಾನ ದೂರದ ವಿಮಾನಗಳನ್ನು ಹೊಡೆಯುವ ಆರು ಫೀನಿಕ್ಸ್ ಕ್ಷಿಪಣಿ ಹೊರುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ, ಫೋಟೊಗಳಲ್ಲಿ ಎರಡೋ ನಾಲ್ಕೋ ಕಾಣುತ್ತವೆ. ಇನ್ನೊಂದು ಪ್ರಶ್ನೆ: ಬಾಂಬರ್ ಬಿಟ್ಟ ಕ್ಷಿಪಣಿಯನ್ನು ಬೆಂಗಾವಲು ಹಡಗುಗಳೇ ಹೊಡೆಯಬಹುದಲ್ಲ, ಫೈಟರ್‌ಗಳನ್ನು ಅಷ್ಟು ದೂರ ಕಳಿಸುತ್ತಿದ್ದದ್ದೇಕೆ?

ಡೆಕ್‌ಮನೆ:
ಆರು ಕಟ್ಟಿಕೊಂಡು ಹಾರುವುದಕ್ಕೆ ತೊಂದರೆಯಿಲ್ಲ, ಹೊಡೆಯದೆ ವಾಪಸ್ ಇಳಿಯುವುದೇ ಕಷ್ಟ. ಡೆಕ್ ಮೇಲೆ ಇಳಿಯುವಾಗಿನ ತೂಕದ ಮಿತಿ ಸುಮಾರು 24.5 ಟನ್. ಖಾಲಿ ವಿಮಾನವೇ 18 ಟನ್ ದಾಟುತ್ತದೆ. ಒಂದು ಫೀನಿಕ್ಸ್ ಹೆಚ್ಚುಕಡಿಮೆ 450 ಕೆಜಿ, ಆರಕ್ಕೆ 2.7 ಟನ್. ಹೊಟ್ಟೆಯ ಕೆಳಗೆ ಅವನ್ನು ಹಿಡಿದುಕೊಳ್ಳುವ ಪ್ಯಾಲೆಟ್‌ಗಳು, ರೆಕ್ಕೆಬುಡದ ಪೈಲಾನ್‌ಗಳು, ತಂಪುಮಾಡುವ ಎಣ್ಣೆ, ಫಿರಂಗಿಯ ಗುಂಡುಗಳ ತೂಕ ಬೇರೆ. ಇದೆಲ್ಲ ಕಳೆದರೆ ಇಂಧನಕ್ಕೆ ಉಳಿಯುವ ಪಾಲು ತೀರಾ ಕಡಿಮೆ. ರಾತ್ರಿ, ಡೆಕ್ ತೂಗಾಡುತ್ತಿರುವಾಗ ವಿಮಾನದ ಬಾಲದ ಕೊಕ್ಕೆಗೆ ಡೆಕ್‌ನ ತಡೆತಂತಿ ಸಿಗದೆ ಮತ್ತೆರಡು ಸುತ್ತು ಬರಬೇಕಾದರೆ ಟ್ಯಾಂಕ್ ಬರಿದಾಗುತ್ತದೆ. ಆಗ ದುಬಾರಿ ಕ್ಷಿಪಣಿಗಳನ್ನು ಸಮುದ್ರಕ್ಕೆ ಬೀಳಿಸುವುದೊಂದೇ ದಾರಿ. ಅದಕ್ಕೇ ನಾಲ್ಕು ಫೀನಿಕ್ಸ್, ಜೊತೆಗೆ ಇನ್ನೂ ಹಗುರವಾದ ಎರಡು ಸ್ಪ್ಯಾರೋ, ಎರಡು ಸೈಡ್‌ವೈಂಡರ್ ಕ್ಷಿಪಣಿಗಳ ಹೊಂದಾಣಿಕೆಯೇ ಸರಿ. ಶಾಂತಿಕಾಲದಲ್ಲಿ ಅದಕ್ಕಿಂತಲೂ ಕಡಿಮೆ.

ರಾಡಾರ್ ಪಡಸಾಲೆ:
ಎರಡನೆಯ ಪ್ರಶ್ನೆಗೆ. ಬ್ಯಾಕ್‌ಫೈರ್‌ನ ಖ-22 ಕ್ಷಿಪಣಿ 5 ಟನ್ನಿಗೂ ಹೆಚ್ಚು ತೂಕದ್ದು. ಎತ್ತರಕ್ಕೇರಿ ಶಬ್ದದ ನಾಲ್ಕು ಪಟ್ಟು ವೇಗದಲ್ಲಿ ಕಡಿದಾಗಿ ಎರಗುತ್ತದೆ. ಇಂಥವು ಹತ್ತಾರು ಒಟ್ಟಿಗೆ ಬಂದರೆ ಹಡಗಿನ ರಾಡಾರ್‌ಗಳಿಗೆ ಉಸಿರು ಬಿಡಲೂ ಪುರಸೊತ್ತಿಲ್ಲ. ಬಿಡುವ ಮೊದಲೇ ಬಾಂಬರ್ ಬಿದ್ದರೆ ಎರಡೂ ಹೋದಂತೆ. ಬಿಡುವ ದೂರ 300 ಕಿ.ಮೀ. ಮೀರಿದ್ದರಿಂದ ಟಾಮ್‌ಕ್ಯಾಟ್ ಕೂಡ ನೌಕೆಯಿಂದ ನೂರಾರು ಕಿ.ಮೀ. ಆಚೆ ಕಾದಿರಬೇಕು. ಅಲ್ಲಿ ಕಾಡುವುದು ಇಂಧನ. ಗಾಳಿಯಲ್ಲೇ ಇಂಧನ ತುಂಬುವ ಕೆಎ-6ಡಿ ಟ್ಯಾಂಕರ್ ವಿಮಾನ ಹೊತ್ತಿಗೆ ಸಿಗದಿದ್ದರೆ ಕಾವಲಿನಲ್ಲೇ ತೂತು ಬೀಳುತ್ತದೆ.

ಟಾಮ್‌ಕ್ಯಾಟ್‌ನ ಎಡಬ್ಲ್ಯುಜಿ-9 ರಾಡಾರ್ 24 ಗುರಿಗಳನ್ನು ಹಿಂಬಾಲಿಸುತ್ತಾ ಆರರ ಮೇಲೆ ಕ್ಷಿಪಣಿ ಬಿಡಬಲ್ಲದು. ಫೀನಿಕ್ಸ್ 24 ಕಿ.ಮೀ.ಗೂ ಮೇಲೇರಿ, ಇಳಿಯುತ್ತಾ, ಕೊನೆಯ ಸುಮಾರು 18 ಕಿ.ಮೀ.ಯಲ್ಲಷ್ಟೇ ತನ್ನದೇ ರಾಡಾರ್ ಹಚ್ಚುತ್ತದೆ. ಅಲ್ಲಿಯವರೆಗೆ ತಾಯಿ ವಿಮಾನದ ರಾಡಾರೇ ಅದಕ್ಕೆ ಕಣ್ಣು. ಗುರಿ ಅಡ್ಡಲಾಗಿ ತಿರುಗಿದರೆ ನಮ್ಮ ಕಡೆಗೆ ಬರುವ ವೇಗ ಸೊನ್ನೆಗಿಳಿದು, ವೇಗ ನೋಡಿ ಗುರಿಯನ್ನು ಬೇರ್ಪಡಿಸುವ ಡಾಪ್ಲರ್ ಸೋಸುವಿಕೆಯಲ್ಲಿ ಅದು ನೆಲದ ಪ್ರತಿಫಲನದ ಜೊತೆ ಕಳೆದುಹೋಗುತ್ತದೆ. ಜಾಡು ತಪ್ಪಿದರೆ ಕ್ಷಿಪಣಿ ಕುರುಡು.

ಕಡಲಹದ್ದು:
ಶತ್ರು ರೇಡಿಯೊ ಗದ್ದಲ ಎಬ್ಬಿಸಿ ರಾಡಾರ್ ಕೆಡಿಸುವ ಜಾಮಿಂಗ್ ಇದ್ದರೆ?

ರಾಡಾರ್ ಪಡಸಾಲೆ:
ದಿಕ್ಕು ಗೊತ್ತಾಗುತ್ತದೆ, ದೂರ ಗೊತ್ತಾಗುವುದಿಲ್ಲ. ಅಗಲವಾಗಿ ಹರಡಿಕೊಂಡ ಎರಡು ವಿಮಾನಗಳ ದಿಕ್ಕುಗೆರೆ ಎಲ್ಲಿ ಕೂಡುತ್ತವೆ ಅಂತ ನೋಡಿ ಅಂದಾಜಿಸಬೇಕು. ಜಾಮರ್‌ನತ್ತಲೇ ಹಾರುವ ಸೌಲಭ್ಯ ಫೀನಿಕ್ಸ್‌ಗಿತ್ತು. ಆದರೆ ದೂರ ಗೊತ್ತಿಲ್ಲದೆ ಬಿಟ್ಟರೆ ಇಂಧನ ಸುಟ್ಟ ಮೇಲೆ ಅರ್ಧದಲ್ಲೇ ಸೊರಗುವ ಸಾಧ್ಯತೆಯೇ ಹೆಚ್ಚು.

ಡೆಕ್‌ಮನೆ:
ಆರರ ಮಾತು ಪ್ರಸಿದ್ಧವಾಗಿದ್ದು 1973ರ ನವೆಂಬರ್ ಪರೀಕ್ಷೆಯಿಂದ: 38 ಸೆಕೆಂಡಿನಲ್ಲಿ ಆರು ಬಿಟ್ಟು ನಾಲ್ಕು ತಗುಲಿದವು. ಅಮೆರಿಕದ ನೌಕಾಪಡೆ ಯುದ್ಧದಲ್ಲಿ ಬಿಟ್ಟದ್ದು 1999ರಲ್ಲಿ, ಇರಾಕಿನ ಮಿಗ್‌ಗಳ ಮೇಲೆ, ಒಂದೂ ತಗುಲಲಿಲ್ಲ. ಬಾಂಬರ್ ಅಲೆಯ ಎದುರು ಇದರ ಪರೀಕ್ಷೆ ನಡೆಯಲೇ ಇಲ್ಲ. 2004ರಲ್ಲಿ ಫೀನಿಕ್ಸ್ ನಿವೃತ್ತಿಯಾದಾಗ ಅಷ್ಟು ದೂರ ಹೊಡೆಯುವ ಬದಲಿ ಕ್ಷಿಪಣಿ ನೌಕೆಯ ವಿಮಾನಗಳಿಗೆ ಸಿಗಲಿಲ್ಲ. 2024ರಲ್ಲಿ ಹಡಗಿನಿಂದ ಬಿಡುವ ಎಸ್‌ಎಂ-6 ಕ್ಷಿಪಣಿಯಿಂದ ರೂಪಿಸಿದ ಎಐಎಂ-174ಬಿ, ನೌಕಾಪಡೆಯ ಸೂಪರ್ ಹಾರ್ನೆಟ್ ಫೈಟರ್‌ನ ರೆಕ್ಕೆಯಡಿ ಕಾಣಿಸಿಕೊಂಡಿತು. ಅದೂ ಭಾರದ ಕ್ಷಿಪಣಿಯೇ, ಹಾಗಾಗಿ ಹೊಡೆಯದೆ ಎಷ್ಟನ್ನು ವಾಪಸ್ ತರಬಹುದು ಅನ್ನುವ ಲೆಕ್ಕ ಈಗಲೂ ಹಾಕಲೇಬೇಕು.