ಲೇಸರ್ ಹ್ಯಾಚಿಂಗ್ ಮಾಡಿಸಿದವರು ಇದ್ದೀರಾ? ಸೋಮವಾರ ಸಹಿ ಹಾಕಬೇಕು

ಹಾಸನದ ಸೊಸೆ:
ನನಗೆ 34. ಐವಿಎಫ್ ಮಾಡಿಸುತ್ತಿದ್ದೇವೆ. ಫ್ರೀಜ್ ಮಾಡದ ಎಂಬ್ರಿಯೋ (ಭ್ರೂಣ) ಗರ್ಭಕ್ಕೆ ಹಾಕಿದ ಮೊದಲ ಫ್ರೆಶ್ ಟ್ರಾನ್ಸ್‌ಫರ್ ಫೇಲ್ ಆಯಿತು. ಈಗ ಫ್ರೀಜ್ ಮಾಡಿದ್ದು ಮೂರಿವೆ, ಲ್ಯಾಬಿನವರು ಕೊಟ್ಟ ಗ್ರೇಡು: 5ಎಬಿ, 4ಬಿಬಿ, 4ಬಿಸಿ. ಮುಂದಿನ ತಿಂಗಳು 5ಎಬಿ ಹಾಕುತ್ತಾರೆ. ಲೇಸರ್ ಹ್ಯಾಚಿಂಗ್, ಅಂದರೆ ಹಾಕುವ ಮೊದಲು ಎಂಬ್ರಿಯೋದ ಹೊರಗಿನ ಚಿಪ್ಪನ್ನು ಲೇಸರ್‌ನಿಂದ ಕೊರೆಯುವುದು, ಮಾಡಿಸಿದರೆ ಒಳ್ಳೆಯದು ಅಂತ ಕೌಂಟರಿನವರು ಹೇಳಿದರು, ಅದಕ್ಕೆ 18,000 ಬೇರೆ. ಡಾಕ್ಟರ್ ಅದರ ಮಾತೇ ಎತ್ತಲಿಲ್ಲ. ನಮ್ಮ ಮನೆಯವರು ಆಲೂಗಡ್ಡೆ ಬಿತ್ತನೆಗೆ ಎತ್ತಿಟ್ಟ ದುಡ್ಡು ಅದು. ಮಾಡಿಸಿದವರು ದಯವಿಟ್ಟು ಹೇಳಿ.

ಮೂಡಿಗೆರೆ ತೋಟದಮನೆ:
ಕಣ್ಣು ಮುಚ್ಚಿ ಮಾಡಿಸಿ. ನನ್ನ ಕಥೆ ಕೇಳಿ. ಎರಡು ಟ್ರಾನ್ಸ್‌ಫರ್ ಲೇಸರ್ ಇಲ್ಲದೆ ಆಯಿತು, ಎರಡೂ ನೀರುಪಾಲು. ಎರಡನೆಯದು ಕಾಫಿ ಕೊಯ್ಲಿನ ಸಮಯ. ಆಳುಗಳಿಗೆ ಬಟವಾಡೆ ಮಾಡಬೇಕಿದ್ದ ದಿನ ನಾನು ಮಂಗಳೂರಿನಲ್ಲಿ ಬೀಟಾ (ಗರ್ಭ ನಿಂತಿದೆಯಾ ಅಂತ ನೋಡುವ ರಕ್ತ ಪರೀಕ್ಷೆ) ರಿಪೋರ್ಟಿಗೆ ಕಾಯುತ್ತಾ ಕೂತಿದ್ದೆ. ಪ್ರೊಜೆಸ್ಟರಾನ್ ಎಣ್ಣೆ ಇಂಜೆಕ್ಷನ್ ಚುಚ್ಚಿಸಿಕೊಂಡು ಸೊಂಟದ ಎರಡೂ ಕಡೆ ಗಂಟು. ಉಪ್ಪಿನ ಶಾಖ ಕೊಟ್ಟರೂ ಕರಗಲಿಲ್ಲ. ಈಗಲೂ ಒಂದು ಕೈಗೆ ಸಿಗುತ್ತದೆ.

ಮೂರನೇ ಸಲ ಲೇಸರ್ ಮಾಡಿಸಿದೆ. ಹಾಕಿದ್ದು ಒಂದೇ. ಏಳನೇ ವಾರದ ಸ್ಕ್ಯಾನಿನಲ್ಲಿ ಎರಡು ಹೃದಯ ಬಡಿಯುತ್ತಿತ್ತು! ಸ್ಕ್ಯಾನ್ ಮಾಡುತ್ತಿದ್ದವರೇ ಎರಡು ಸಲ ತಿರುಗಿಸಿ ನೋಡಿದರು. ಎರಡಕ್ಕೂ ಮಾಸು ಒಂದೇ ಅಂತ 16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನ್. ಆ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಎಷ್ಟು ಸಲ ಇಳಿದು ಹತ್ತಿದೆನೋ, ಕೊಟ್ಟಿಗೆಹಾರದ ಹೋಟೆಲಿನವರಿಗೆ ನನ್ನ ಮುಖ ಪರಿಚಯವಾಗಿಬಿಟ್ಟಿತ್ತು. 33 ವಾರಕ್ಕೆ ಹೆರಿಗೆ. ಒಬ್ಬಳು 1.6 ಕೆಜಿ, ಇನ್ನೊಬ್ಬಳು 1.4. ಎನ್‌ಐಸಿಯುನಲ್ಲಿ (ಹಸುಗೂಸುಗಳ ಐಸಿಯು) 22 ದಿನ. ಇಬ್ಬರದೂ ಸೇರಿ ದಿನಕ್ಕೆ 13,000, ಒಟ್ಟು 2,86,000. ಔಷಧಿ ಬೇರೆ. ಇವತ್ತು ಇಬ್ಬರೂ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದಾರೆ. 18,000 ಏನು ಮಹಾ?

ಅರಸೀಕೆರೆ ತೆಂಗು:
ಏನು ಮಹಾ ಅಂತ ನನ್ನನ್ನು ಕೇಳಿ ಮೇಡಂ. ನಾನು ಗಂಡಸು, ಇಲ್ಲಿ ಬರೆಯಬಾರದೇನೋ, ಆದರೂ ಬರೆಯುತ್ತೇನೆ. ನನ್ನ ಹತ್ತಿರ ನೋಟ್‌ಬುಕ್ ಇದೆ. ಪ್ಯಾಕೇಜ್ 1,65,000. ಇಂಜೆಕ್ಷನ್ 82,400, ಅದು ಪ್ಯಾಕೇಜಿನಲ್ಲಿ ಇಲ್ಲ ಅಂತ ಗೊತ್ತಾಗಿದ್ದು ದುಡ್ಡು ಕಟ್ಟಿದ ಮೇಲೆ. ಫ್ರೀಜಿಂಗ್ 25,000. ಫ್ರೋಜನ್ ಟ್ರಾನ್ಸ್‌ಫರ್ 60,000, ಎರಡು ಸಲ. ಲೇಸರ್ 15,000, ಅದೂ ಎರಡು ಸಲ. ಕೂಡಿ ನೋಡಿ, 4,22,400. ಇದು 2023ರಲ್ಲಿ, ಕೊಬ್ಬರಿ ರೇಟು ನೆಲ ಕಚ್ಚಿದ್ದಾಗ. ಎರಡು ಸಲವೂ ಲೇಸರ್, ಎರಡು ಸಲವೂ ನೆಗೆಟಿವ್. ಎರಡನೇ ಬಿಲ್ಲಿನಲ್ಲಿ "ಲ್ಯಾಬ್ ಚಾರ್ಜಸ್" ಅಂತ ಇನ್ನೊಂದು 8,000 ಹಾಕಿದ್ದರು. ಇದೇನು ಅಂದರೆ ಲೇಸರ್‌ದೇ ಅಂದರು. ಮತ್ತೆ ಆ 15,000 ಏನು? ಜಗಳ ಮಾಡಿ ತೆಗೆಸಿದೆ. ನನ್ನ ಹೆಂಡತಿ ಆವತ್ತಿಂದ ಆ ರಸ್ತೆಯಲ್ಲೇ ಬರುವುದಿಲ್ಲ ಅಂತಾಳೆ.

ಕಡೂರು 27:
ನಾನು ಲೇಸರ್ ಬೇಡ ಅಂತ ಬರೆದುಕೊಟ್ಟೆ. ಮೊದಲ ಟ್ರಾನ್ಸ್‌ಫರ್‌ನಲ್ಲೇ ಪಾಸಿಟಿವ್. ದೇವರು ಕೊಡುವುದನ್ನು ಲೇಸರ್ ಹಾಕಿ ಕೊರೆಯೋದು ಯಾಕೆ? ಹಾಸನಾಂಬೆ ಬಾಗಿಲು ತೆಗೆದಾಗ ಹರಕೆ ಹೊತ್ತಿದ್ದೆ, ಅಷ್ಟೇ.

ಮೂಡಿಗೆರೆ ತೋಟದಮನೆ:
27ನೇ ವಯಸ್ಸಿಗೆ ಐವಿಎಫ್ ಮಾಡಿಸಿದವರು ನಮಗೆ ಬುದ್ಧಿ ಹೇಳಬೇಡಿ ತಂಗಿ. ಫ್ರೀಜ್ ಮಾಡಿದ ಮೇಲೆ ಆ ಚಿಪ್ಪು ಗಟ್ಟಿಯಾಗುತ್ತೆ, ಒಳಗಿನಿಂದ ಒಡೆದುಕೊಂಡು ಬರಲು ಆಗುವುದಿಲ್ಲ. ನಮ್ಮ ಡಾಕ್ಟರೇ ಚಿತ್ರ ಬರೆದು ತೋರಿಸಿದ್ದಾರೆ.

ಲ್ಯಾಬಿನವಳು (ಊರು ಚಿಕ್ಕಮಗಳೂರು, ಕೆಲಸ ಬೆಂಗಳೂರು):
ಒಂಬತ್ತು ವರ್ಷ ಎಂಬ್ರಿಯಾಲಜಿ ಲ್ಯಾಬಿನಲ್ಲಿ, ಅಂದರೆ ಎಂಬ್ರಿಯೋ ಬೆಳೆಸಿ ನೋಡಿಕೊಳ್ಳುವ ಕಡೆ, ಇದ್ದೇನೆ. ಚಿಪ್ಪು ಗಟ್ಟಿಯಾಗುತ್ತೆ ಅನ್ನುವುದು ಒಂದು ವಾದ. ಅದನ್ನು ನಂಬಿಯೇ ಎಲ್ಲರೂ ಶುರು ಮಾಡಿದ್ದು. ಮೊದಲು ಸೂಜಿಯಲ್ಲಿ ಸೀಳುತ್ತಿದ್ದರು, ಆಮೇಲೆ ಆಸಿಡ್ ಬಂತು, ಆಮೇಲೆ ಲೇಸರ್. ನಮ್ಮ ಕೈಯಲ್ಲಿ ಅದು ಕೆಲವು ಮಿಲಿಸೆಕೆಂಡಿನ ಕೆಲಸ. ಆದರೆ ಮಗು ಮನೆಗೆ ಬರುವುದು ಅದರಿಂದ ಜಾಸ್ತಿ ಆಗುತ್ತದೆ ಅಂತ ಪುರಾವೆ ಸಿಕ್ಕಿಲ್ಲ. ಯಾವ ಚಿಕಿತ್ಸೆ ಕೊಡಬೇಕು ಅಂತ ಸಲಹೆ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ ಬೇಡ ಅಂತ ಬರೆದಿದೆ. ಅಮೆರಿಕದ ಸಂತಾನ ಚಿಕಿತ್ಸೆ ವೈದ್ಯರ ಸಂಘ ಎಎಸ್‌ಆರ್‌ಎಂ 2022ರಲ್ಲಿ ಎಲ್ಲರಿಗೂ ರೂಢಿಯಾಗಿ ಮಾಡಬೇಡಿ ಅಂದಿದೆ. ಅವಳಿ ಆಗುವ ಸಾಧ್ಯತೆ ಮಾತ್ರ ಸ್ವಲ್ಪ ಹೆಚ್ಚಬಹುದು. ಮೂಡಿಗೆರೆಯವರು ಅದನ್ನೇ ಲಾಟರಿ ಹೊಡೆದ ಹಾಗೆ ಹೇಳುತ್ತಿದ್ದಾರೆ. ಒಂದೇ ಮಾಸಿನ ಅವಳಿ ಅಂದರೆ ಲ್ಯಾಬಿನವರಿಗೆ ಭಯ.

ಮೂಡಿಗೆರೆ ತೋಟದಮನೆ:
ಲಾಟರಿನಾ? ಆ 22 ದಿನ ಗಾಜಿನ ಆಚೆ ನಿಂತವಳು ನಾನು. ಎರಡು ಸಲ ಇಲ್ಲದೆ ಆಗಲಿಲ್ಲ, ಮೂರನೇ ಸಲ ಆಯಿತು. ಇದಕ್ಕೆ ಬ್ರಿಟನ್ನಿನವರ ಕಾಗದ ಬೇಕಾ?

ಲ್ಯಾಬಿನವಳು:
ಮಾತು ನೋಯಿಸಿದ್ದರೆ ಕ್ಷಮಿಸಿ ಅಕ್ಕ. ಆದರೆ ಮೂರನೆಯ ಎಂಬ್ರಿಯೋನೇ ಚೆನ್ನಾಗಿದ್ದಿರಬಹುದಲ್ವಾ? ಲೇಸರ್ ಇಲ್ಲದೆಯೂ ನಿಲ್ಲುತ್ತಿತ್ತೇನೋ.

ಅರಸೀಕೆರೆ ತೆಂಗು:
ಹಾಗಾದರೆ ನಿಮ್ಮ ಲ್ಯಾಬು ಲೇಸರ್‌ಗೆ ದುಡ್ಡು ತಗೊಳ್ಳೋದಿಲ್ವಾ? ಉತ್ತರ ಕೊಡಿ.

ಲ್ಯಾಬಿನವಳು:
ತಗೊಳ್ಳುತ್ತಾರೆ. ರೇಟ್ ಕಾರ್ಡ್ ಬರೆಯುವುದು ನಾನಲ್ಲ.

ಅರಸೀಕೆರೆ ತೆಂಗು:
ಇಷ್ಟು ಸಾಕು. ಫ್ರೀಜ್‌ನಲ್ಲಿ ಉಳಿದ ನಮ್ಮ ಎರಡು ಎಂಬ್ರಿಯೋಗೆ ವರ್ಷಕ್ಕೆ 12,000 ಕಟ್ಟುತ್ತಿದ್ದೇನೆ. 2021ರ ಐವಿಎಫ್ ಕಾನೂನಿನಲ್ಲಿ ಹತ್ತು ವರ್ಷ ಇಡಬಹುದಂತೆ. ಇಟ್ಟುಕೊಂಡು ಏನು ಮಾಡಲಿ, ಬಿಸಾಕಿ ಅನ್ನಲು ಬಾಯಿ ಬರುವುದಿಲ್ಲ.

ಬೇಲೂರು ಅಕ್ಕ:
ಲೇಸರ್ ಬಿಡಿ. ಟ್ರಾನ್ಸ್‌ಫರ್ ಆದ ಮೇಲೆ ಬಸ್ಸಿನಲ್ಲಿ ವಾಪಸ್ ಬಂದರೆ ಯಾವುದೂ ನಿಲ್ಲುವುದಿಲ್ಲ. ನಾನು ಬೆಂಗಳೂರಿನಲ್ಲೇ 14 ದಿನ ರೂಮು ಮಾಡಿದ್ದೆ. ದಿನಕ್ಕೆ 1,500, ಅಂದರೆ 21,000. ಊಟ ಅತ್ತಿಗೆ ಮಾಡಿಕೊಟ್ಟಳು. ಬಾತ್‌ರೂಮಿಗೆ ಬಿಟ್ಟರೆ ಏಳಲಿಲ್ಲ.

ಲ್ಯಾಬಿನವಳು:
ಮಲಗಿರಬೇಕಾಗಿಲ್ಲ ಅಕ್ಕ. ಮಲಗುವುದರಿಂದ ಲಾಭವಿಲ್ಲ ಅಂತ ನೋಡಿ ಆಗಿದೆ.

ಬೇಲೂರು ಅಕ್ಕ:
ನನ್ನ ಮಗ ಈಗ ಮೂರನೇ ಕ್ಲಾಸು. ನೀವು ನೋಡಿ ಆಗಿದೆ ಅನ್ನುತ್ತಿರಿ.

ಕಡೂರು 27:
ಬಸ್ಸು ಯಾಕೆ? ಹಾಸನದಿಂದ ರೈಲಿದೆ. 2017ರಿಂದ ಶ್ರವಣಬೆಳಗೊಳದ ಮೇಲೆ ಹೋಗುತ್ತೆ, ಕುಲುಕಾಟ ಇಲ್ಲ.

ಅರಸೀಕೆರೆ ತೆಂಗು:
ರೈಲು ಅಂದರೆ ಅರಸೀಕೆರೆ ಜಂಕ್ಷನ್. ಹಾಸನದವರು ನಿನ್ನೆ ಮೊನ್ನೆ ರೈಲು ಕಂಡವರು.

ಕಡೂರು 27:
ಕಡೂರಿನಲ್ಲೂ ಎಲ್ಲಾ ನಿಲ್ಲುತ್ತೆ ಸರ್, ಜಂಬ ಬೇಡ.

ಲ್ಯಾಬಿನವಳು:
ಒಂದು ನಿಮಿಷ. ಹಾಸನದ ಸೊಸೆ, ಈಗ ನಿಮ್ಮ ಮೊದಲ ಬರಹ ಮತ್ತೆ ಓದಿದೆ. 5ಎಬಿ ಅಂದಿದ್ದೀರಲ್ಲ. ಐದು ಅಂದರೆ ಫ್ರೀಜ್ ಮಾಡುವಾಗಲೇ ಚಿಪ್ಪು ಬಿರಿದು ಹೊರಗೆ ಬರಲು ಶುರುವಾಗಿತ್ತು ಅಂತ. ನಾಲ್ಕು ಅಂದರೆ ಇನ್ನೂ ಚಿಪ್ಪಿನೊಳಗೆ. ಬಾಗಿಲು ಆಗಲೇ ತೆಗೆದಿರುವಾಗ ಲೇಸರ್ ಯಾವುದನ್ನು ಕೊರೆಯುತ್ತದೆ ಅಂತ ಕೌಂಟರಿನಲ್ಲಿ ಅಲ್ಲ, ಡಾಕ್ಟರ್ ಹತ್ತಿರವೇ ಕೇಳಿ. ಎಂಬ್ರಿಯಾಲಜಿಸ್ಟ್ ಜೊತೆ ಮಾತಾಡಿಸಿ ಅನ್ನಿ.

ಮೂಡಿಗೆರೆ ತೋಟದಮನೆ:
ನನ್ನದು 4 ಇತ್ತು. ಅದಕ್ಕೇ ಲೇಸರ್ ಕೆಲಸ ಮಾಡಿದ್ದು. ನೋಡಿ, ನೀವೇ ಒಪ್ಪಿಕೊಂಡಿರಿ.

ಲ್ಯಾಬಿನವಳು:
ನಾನು ಒಪ್ಪಿಕೊಂಡಿಲ್ಲ!

ಹಾಸನದ ಸೊಸೆ:
ಶನಿವಾರ ಫೋನ್ ಮಾಡಿದೆ. ಐದು ಅಂದರೆ ಏನು ಅಂತ ಕೇಳಿದ್ದಕ್ಕೆ ಆಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೋಮವಾರ ಲ್ಯಾಬಿನವರೇ ಮಾತಾಡುತ್ತಾರೆ ಅಂದರು. ಸಹಿ ಇನ್ನೂ ಹಾಕಿಲ್ಲ. ನಮ್ಮವರು ಬಿತ್ತನೆ ಗಡ್ಡೆಗೆ ಅಡ್ವಾನ್ಸ್ ಕೊಟ್ಟು ಬಂದರು. ನನಗೆ ಹೇಳಿಯೂ ಇಲ್ಲ.

ಬೇಲೂರು ಅಕ್ಕ:
ಒಳ್ಳೆಯದಾಯಿತು ಬಿಡಿ. ರೂಮು ಬೇಕಾದರೆ ಹೇಳಿ, ಮೆಜೆಸ್ಟಿಕ್ ಹತ್ತಿರ ಬೇಡ, ಸೊಳ್ಳೆ ಜಾಸ್ತಿ.